ಸಹಜ ದಿಬ್ಬ

ಚಟ್ಟವನ್ನು ಕಾರ್ಖಾನೆಯ ಗೇಟಿಗೆ ಅಡ್ಡಲಾಗಿ ಇಳಿಸಿದರು. ಹೊತ್ತು ತಂದಿದ್ದ ನಾಲ್ವರು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕಂಬಿಗಳ ಸಂದಿನಿಂದ ಒಳಗೆ ನೋಡಿದರು. ತಮಟೆಯವರು ಇನ್ನಷ್ಟು ಹೊತ್ತು ಬಡಿದು, ಯಾರೂ ಮುಂದೆ ಹೆಜ್ಜೆ ಇಡದಿದ್ದುದನ್ನು ಕಂಡು ತಾವೇ ನಿಲ್ಲಿಸಿದರು.

‘ಇಲ್ಲಿ ಇಳಿಸ್ಬೇಡ್ರಪ್ಪಾ, ಲಾರಿ ಬರೋ ಹೊತ್ತು,’ ಎನ್ನುತ್ತ ಕಾವಲುಗಾರ ಶ್ಯಾಮಣ್ಣ ಓಡಿಬಂದ. ‘ಸ್ಮಶಾನ ಇರೋದು ಕೆರೆ ಕಡೆ. ದಾರಿ ತಪ್ಪಿ ಬಂದಿದ್ದೀರ.’

‘ಉಟ್ಟಿದೂರಲ್ಲಿ ದಾರಿ ತಪ್ತೀವೇನಯ್ಯ?’ ಎಂದ, ಎಲ್ಲರಿಗಿಂತ ಮುಂದೆ ನಿಂತಿದ್ದ ರಾಮಾಂಜಿನಪ್ಪ. ಗುಂಡಸಂದ್ರದಲ್ಲಿ ಎಲ್ಲರಿಗೂ ಹಿರಿಯ. ‘ಇವಳ ಗಂಡ ಒಳಗವ್ನೆ. ಅವನ ಪಕ್ಕದಾಗೆ ಮಣ್ಣು ಮಾಡ್ಬೇಕು.’

‘ಒಳಗವ್ನೆ ಅಂದ್ರೆ? ಯಾವ ಶಿಫ್ಟಲ್ಲಿ?’

ಹಿಂದಿನಿಂದ ಯಾರೋ ನಕ್ಕರು. ನಕ್ಕಿದ್ದಕ್ಕೆ ತಾವೇ ನಾಚಿ ಬಾಯಿಗೆ ಟವೆಲು ಅಡ್ಡ ಹಿಡಿದರು.

‘ಪಾಪಯ್ಯ ಸತ್ತು ಇಪ್ಪತ್ತೇಳು ವರ್ಷ ಆಯ್ತು ಕಣಯ್ಯ,’ ಎಂದ ರಾಮಾಂಜಿನಪ್ಪ ತಾಳ್ಮೆಯಿಂದ. ‘ಆಗ ಇದು ಅವರದೇ ಒಲ. ಅಗೋ, ಆ ಹುಲ್ಲು ಬೆಳೆಸಿರೋ ದಿಬ್ಬ ಕಾಣ್ತದಲ್ಲ, ಬೆಂಚು ಹಾಕವ್ರಲ್ಲ, ಅದರ ಕೆಳಗೆ ಅವ್ನೆ.’

ಅಷ್ಟರಲ್ಲಿ ಹೊಸೂರು ರಸ್ತೆಯ ಕಡೆಯಿಂದ ಬಂದ ಬಿಳಿ ಮೆಟಡೋರ್ ಒಂದು ಹಾರನ್ ಹೊಡೆದು, ಚಟ್ಟವನ್ನು ಕಂಡು ನಿಂತಿತು. ಅದರಿಂದ ಮೊದಲು ಇಳಿದವನು ಉಪೇಂದ್ರ. ಅವನ ಹಿಂದೆ ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡ ಇಬ್ಬರು ಹುಡುಗರು, ನಕ್ಷೆಗಳ ಉದ್ದನೆಯ ಕೊಳವೆ ಹಿಡಿದ ಸೀತಾ ಎಂಬ ಹುಡುಗಿ ಇಳಿದರು. ಮೂವರೂ ಆ ವರ್ಷದ ಪದಕದ ಕೊನೆಯ ಸುತ್ತಿಗೆ ಬಂದಿದ್ದ ವಿದ್ಯಾರ್ಥಿಗಳು. ಲ್ಯಾಂಡ್‌ಸ್ಕೇಪ್ ವಿನ್ಯಾಸದಲ್ಲಿ ವಿದ್ಯಾರ್ಥಿಗಳು ಮಾಡಿದ ಅತ್ಯುತ್ತಮ ಕೆಲಸಕ್ಕೆ ಕೊಡುವ ಪದಕ ಅದು. ಒಂಬತ್ತು ವರ್ಷದ ಹಿಂದೆ ಅದು ಶುರುವಾದಾಗ ಮೊದಲು ಪಡೆದವನು ಉಪೇಂದ್ರನೇ. ಅವನ ವಿನ್ಯಾಸದಂತೆಯೇ ಕಟ್ಟಿದ್ದ ಈ ತೋಟವನ್ನು ತೀರ್ಪಿನ ದಿನ ಬೆಳಿಗ್ಗೆ ವಿದ್ಯಾರ್ಥಿಗಳಿಗೆ ತೋರಿಸುವುದು ಒಂದು ವಾಡಿಕೆಯಾಗಿತ್ತು. ಈಗ ಅವನು ಕಾಲೇಜಿನಲ್ಲಿ ಮೇಷ್ಟ್ರು, ಪದಕದ ತೀರ್ಪುಗಾರರಲ್ಲಿ ಒಬ್ಬ. ಸಂಜೆ ನಾಲ್ಕಕ್ಕೆ ಸಿಟಿಯಲ್ಲಿ ಸಭೆಯಿತ್ತು.

ಅವನು ಮೊದಲು ಗುರುತಿಸಿದ್ದು ಚಟ್ಟದ ತಲೆಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಹೆಂಗಸನ್ನು. ಭಾಗ್ಯಮ್ಮ. ಆಮೇಲೆ, ಬೇಡವೆಂದುಕೊಳ್ಳುತ್ತಲೇ, ಅವಳ ಮುಂದೆ ಅರಿಸಿನ ಬಳಿದುಕೊಂಡು ಮಲಗಿದ್ದ ಮುಖವನ್ನು ನೋಡಿದ. ಕೆನ್ನೆಗಳು ಒಳಗೆ ಸೇರಿದ್ದವು. ಆದರೂ ಪಿಳ್ಳಮ್ಮನೇ. ಭಾಗ್ಯಮ್ಮ ತಲೆಯೆತ್ತಿ ಅವನನ್ನು ನೋಡಿದಳು. ತಾಯಿಯ ಮುಖದ ಮೇಲೆ ಕೂರಲು ಬಂದ ನೊಣವನ್ನು ಸೆರಗಿನಿಂದ ಓಡಿಸಿದಳು.

ಶ್ಯಾಮಣ್ಣ ಕರೆದುತಂದ ಪರ್ಸನಲ್ ಮ್ಯಾನೇಜರ್ ದ್ವಾರಕಾನಾಥ್ ಬೆವರುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಬರಹದಲ್ಲಿ ಇಲ್ಲದ್ದನ್ನು ಕಂಡರೆ ಹೆದರುವವರು. ಉಪೇಂದ್ರನನ್ನು ಕಂಡು ಅವರ ಮುಖ ಅರಳಿತು.

‘ಸದ್ಯ, ದೇವರ ಹಾಗೆ ಬಂದ್ರಿ ಸಾರ್. ಇವರು ನೋಡಿ, ದಿಬ್ಬದ ಕೆಳಗೆ ಸಮಾಧಿ ಇದೆ ಅಂತಾರೆ. ಜಾಗ ಅಳೆದೋರು ನೀವೇ. ಇತ್ತಾ ಅಲ್ಲಿ?’

ಎಲ್ಲರೂ ಅವನ ಕಡೆ ತಿರುಗಿದರು. ಸೀತಾ ಕೂಡ.

‘ಸರ್ವೆ ನಕ್ಷೇಲಿ ಸಮಾಧಿ ಅಂತ ಏನೂ ಇರ್ಲಿಲ್ಲ,’ ಎಂದ ಉಪೇಂದ್ರ.

ಅದು ಸುಳ್ಳಲ್ಲ. ಸರ್ಕಾರದ ಸರ್ವೆ ನಕ್ಷೆಯಲ್ಲಿ ನಿಜವಾಗಿಯೂ ಇರಲಿಲ್ಲ.

ರಾಮಾಂಜಿನಪ್ಪ ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ಅವನನ್ನು ದಿಟ್ಟಿಸಿದ. ‘ಸಾಮಿ, ನೀವು ಆ ಪಟ ಬರೆಯಾಕೆ ಬರ್ತಿದ್ದ ಉಡುಗ ಅಲ್ವಾ? ಮೂರು ತಿಂಗಳು ಇವಳ ಮನೆ ಮುದ್ದೆ ಉಂಡ್ರಲ್ಲ?’

*

ಎಪ್ಪತ್ತೆಂಟರ ಜನವರಿಯಲ್ಲಿ ಉಪೇಂದ್ರ ಒಂದು ಅಳತೆ ಟೇಪು, ಒಂದು ನೋಟುಬುಕ್ಕು ಹಿಡಿದು ಗುಂಡಸಂದ್ರಕ್ಕೆ ಬಂದಿಳಿದಿದ್ದ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗ. ಬೊಮ್ಮಸಂದ್ರದ ಆಚೆ ಕಾರ್ಖಾನೆ ಕಟ್ಟಲಿದ್ದ ಕಂಪನಿಯೊಂದು ತಾನು ಕೊಳ್ಳಲಿರುವ ನಲವತ್ತು ಎಕರೆಗೆ ತೋಟದ ವಿನ್ಯಾಸ ಮಾಡಲು ವಿದ್ಯಾರ್ಥಿಗಳನ್ನು ಕರೆದಿತ್ತು. ಗೆದ್ದವರಿಗೆ ಪದಕ. ಗೆದ್ದ ವಿನ್ಯಾಸದಂತೆಯೇ ತೋಟ.

ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ರಾಗಿ ಕೂಳೆ ಕೀಳುತ್ತಿದ್ದ ಹೆಂಗಸೊಬ್ಬಳು ಅವನು ಕಲ್ಲು ಕಟ್ಟಿ, ಓಡಿ, ಜಾರಿದ ಟೇಪನ್ನು ಮತ್ತೆ ಕಟ್ಟುವುದನ್ನು ನೋಡಿ ನೋಡಿ ಸಾಕಾಗಿ ಎದ್ದು ಬಂದಳು.

‘ಕೊಡಪ್ಪಾ ಇಲ್ಲಿ. ಸಾಯಂಕಾಲದ ತನಕ ಕೋತಿ ಅಂಗೆ ಓಡ್ತಾನೇ ಇರ್ತೀಯ.’

ಆ ದಿನದಿಂದ ಟೇಪಿನ ತುದಿ ಪಿಳ್ಳಮ್ಮನದು. ಅವಳಿಗೆ ಆಗ ಐವತ್ತರ ಹತ್ತಿರ. ತುದಿ ಹಿಡಿದು ನಿಂತ ಕಡೆಯಿಂದಲೇ ಕೂಗಿ ಹೇಳುವಳು. ಈ ಮೂಲೆಯಲ್ಲಿ ಮಳೆ ನಿಂತ ಮೇಲೂ ಎಂಟು ದಿನ ಜವುಗು, ಇಲ್ಲಿ ಗೋಡೆ ಕಟ್ಟಿದರೆ ಬಿರಿಯುತ್ತದೆ. ಈ ಬದುವಿನ ಆಚೆ ಒಂದೇ ಮೊಳಕ್ಕೆ ಕಲ್ಲು. ಆ ಕಡೆಯಿಂದ ಗಾಳಿ, ಅದಕ್ಕೇ ಅಲ್ಲಿ ಹೊಂಗೆ ಇಟ್ಟಿದ್ದು. ಅವನು ಬರೆದುಕೊಂಡ. ಮಧ್ಯಾಹ್ನ ಅವಳ ಮನೆಯ ಜಗುಲಿಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಅವಳ ಮಗಳು ಭಾಗ್ಯ ನಗುತ್ತಿದ್ದಳು, ಅವನು ಮುದ್ದೆಯನ್ನು ಅಗಿಯುತ್ತಾನೆಂದು.

ಹೊಲದ ಮೂಡಣ ಅಂಚಿನಲ್ಲಿ ಎದೆಮಟ್ಟದ ಒಂದು ದಿಬ್ಬವಿತ್ತು. ತಲೆಯ ಕಡೆ ಒಂದು ಒರಟು ಕಲ್ಲು. ಅದರ ಮೇಲೆ ನಿಂತರೆ ಕೆರೆ ಪೂರ್ತಿ ಕಾಣುತ್ತಿತ್ತು.

‘ನಮ್ಮೆಜಮಾನ್ರು,’ ಎಂದಳು ಪಿಳ್ಳಮ್ಮ. ಹೆಸರು ಹೇಳಲಿಲ್ಲ. ‘ಇಲ್ಲೇ ಹಾವು ಮುಟ್ತು. ಇಲ್ಲೇ ಮಡಗಿದ್ವಿ.’

‘ಇಷ್ಟು ಎತ್ತರಕ್ಕೆ?’

‘ಮೊದ್ಲು ಎಲ್ಲಾರ ಅಂಗೇ ಇತ್ತು. ಮೊದಲ್ನೇ ಮಳೇಗೆ ಅರ್ಧ ಕೊಚ್ಕೊಂಡು ಓಯ್ತು. ಆಮ್ಯಾಕೆ ವರ್ಸ ವರ್ಸ ಕೆರೆ ಗೋಡು ಮಣ್ಣು ಒಲಕ್ಕೆ ಒಡೀವಾಗ ಮೊದ್ಲು ಇವ್ರಿಗೆ ಹತ್ತು ಬುಟ್ಟಿ, ಆಮ್ಯಾಲೆ ರಾಗಿಗೆ. ಅದಿನೆಂಟು ವರ್ಸ ಆಯ್ತಲ್ಲ, ಬೆಳ್ಕೊಂಡವ್ರೆ.’ ಅವಳು ನಕ್ಕಳು. ‘ಬದುಕಿದ್ದಾಗ ಕುಳ್ಳ ಇದ್ರು.’

ಹಾಸ್ಟೆಲಿನಲ್ಲಿ ನಕ್ಷೆ ಬರೆಯುವಾಗ ಉಪೇಂದ್ರ ಆ ಜಾಗದಲ್ಲಿ ಪೆನ್ಸಿಲಿನಿಂದ, ಭಾಗ್ಯ ಹೇಳಿದ್ದ ಹೆಸರು ಸೇರಿಸಿ, ‘ಪಾಪಯ್ಯನ ಸಮಾಧಿ’ ಎಂದೇ ಬರೆದ. ಆಮೇಲೆ ಸ್ಪರ್ಧೆಯ ನಿಯಮಗಳ ಹಾಳೆಯನ್ನು ಇನ್ನೊಮ್ಮೆ ಓದಿದ. ಜಾಗದಲ್ಲಿ ಸಮಾಧಿ, ಗುಡಿ ಇದ್ದರೆ ಗುರುತು ಮಾಡಬೇಕು. ಅದನ್ನೂ ಅದರ ಸುತ್ತ ಮೂವತ್ತು ಅಡಿಯನ್ನೂ ವಿನ್ಯಾಸದಿಂದ ಬಿಡಬೇಕು. ಕಂಪನಿ ಆ ಭಾಗವನ್ನು ಕೊಳ್ಳದೆ ಮನೆಯವರಿಗೇ ದಾರಿ ಸಮೇತ ಬಿಡುತ್ತದೆ. ಅವನ ಇಡೀ ತೋಟ ಆ ದಿಬ್ಬದ ಸುತ್ತ ಸುತ್ತಿಕೊಂಡಿತ್ತು. ಎಲ್ಲ ಕಾಲುದಾರಿಗಳೂ ಅಲ್ಲಿಗೇ ಹತ್ತಿ ಕೆರೆಯ ಕಡೆ ತೆರೆದುಕೊಳ್ಳುತ್ತಿದ್ದವು. ಅದನ್ನು ಬಿಟ್ಟರೆ ಉಳಿಯುವುದು ಹುಲ್ಲು.

ರಬ್ಬರಿನಿಂದ ಉಜ್ಜಿದ. ಪುಡಿಯನ್ನು ಊದಿದ. ಅದೇ ಜಾಗದಲ್ಲಿ ಕಪ್ಪು ಶಾಯಿಯಲ್ಲಿ, ಇಂಗ್ಲಿಷಿನಲ್ಲಿ, ‘ಸಹಜ ದಿಬ್ಬ’ ಎಂದು ಬರೆದ.

*

ಗೇಟಿನ ಹತ್ತಿರ ಬಿಸಿಲು ಏರುತ್ತಿತ್ತು. ದ್ವಾರಕಾನಾಥ್ ಬೊಂಬಾಯಿಯ ಹೆಡ್ ಆಫೀಸಿಗೆ ಟ್ರಂಕ್ ಕಾಲ್ ಹಾಕಿ ಕಾಯುತ್ತಿದ್ದರು. ಹೆಂಗಸರು ಕಾಂಪೌಂಡಿನ ನೆರಳಿಗೆ ಸರಿದು ಕೂತರು. ಚಟ್ಟಕ್ಕೆ ಮಾತ್ರ ನೆರಳಿರಲಿಲ್ಲ. ಭಾಗ್ಯಮ್ಮ ತಾನೇ ಕೊಡೆಯ ಹಾಗೆ ಸೆರಗು ಹಿಡಿದು ಬಾಗಿ ನಿಂತಿದ್ದಳು.

ಸೀತಾ ಹೆಂಗಸರ ಪಕ್ಕ ಹೋಗಿ ನಿಂತಳು. ಅಲ್ಲಿ ಅಂಜಿನಮ್ಮ ಎಂಬ ಹೆಂಗಸು ಕಂಪನಿ ಕಂಟ್ರಾಕ್ಟು ಕೆಲಸದವರಿಗೆ ಕೊಡುವ ಸಮವಸ್ತ್ರದ ಸೀರೆಯಲ್ಲೇ ಬಂದಿದ್ದಳು. ಪಿಳ್ಳಮ್ಮನ ಜೊತೆ ಆರು ವರ್ಷ ಈ ತೋಟಕ್ಕೆ ನೀರು ಹಾಯಿಸಿದವಳು.

‘ಅವ್ರು ಇಲ್ಲೇ ಕೆಲಸ ಮಾಡ್ತಿದ್ರಾ?’ ಸೀತಾ ಕೇಳಿದಳು.

‘ಊಂ ಕಣಮ್ಮ. ಒಲ ಓದ್ಮ್ಯಾಕೆ ಇನ್ನೇನು ಮಾಡದು? ತೋಟದ ಕೆಲ್ಸಕ್ಕೆ ಜನ ಬೇಕು ಅಂದ ದಿನ ಮೊದ್ಲು ಓಗಿ ನಿಂತ್ಕಂಡ್ಲು. ದಿಬ್ಬದ ಕಡೆ ನಂಗೇ ಕೊಡಿ ಅಂತ ಮೇಸ್ತ್ರಿ ಕೈಲಿ ಕೇಳ್ಕಂಡ್ಲು. ದಿನಾ ಬೆಳಿಗ್ಗೆ ಮೊದ್ಲು ಆ ಬೆಂಚು ಒರ್ಸೋಳು. ಆಪೀಸ್ನೋರು ಮಧ್ಯಾನ ಅಲ್ಲಿ ಕೂತು ಡಬ್ಬಿ ಬಿಚ್ತಾರಲ್ಲ, ಚಪ್ಲಿ ಕೆಳಗೆ ಬಿಡ್ರಪ್ಪ ಅನ್ನೋಳು. ಮುದುಕಿಗೆ ತಲೆ ಕೆಟ್ಟದೆ ಅಂತ ನಗೋರು.’

‘ಯಾಕೆ ಅಂತ ಹೇಳ್ಲಿಲ್ವಾ ಅವರಿಗೆ?’

‘ಯೋಳಿದ್ರೆ ಸುಮ್ಕಿರ್ತಾರಾ? ಹೆದರ್ಕಂಡು ಕಿತ್ತಾಕಿದ್ರೆ? ಸಂಬಳದ ಕೆಲ್ಸದಾಗೆ ಹುಲ್ಲಿಗೆ ನೀರು ಬಿಟ್ಟಂಗೆ ಬಿಟ್ಕಂಡು, ಗಂಡಂಗೆ ನೀರು ಬಿಡೋಳು. ಅಮಾಸೆ ದಿನ ಸೊಂಟದಾಗೆ ಒಂಚೂರು ಅನ್ನ ಕಟ್ಕಂಡು ಬಂದು ಹೂವಿನ ಗಿಡದ ಬುಡಕ್ಕೆ ಇಕ್ಕೋಳು. ಇರುವೆ ಬರ್ತವೆ ಅಂತ ಮೇಸ್ತ್ರಿ ಒಂದ್ಸಲ ಬೈದು ಒಂದು ತಿಂಗಳು ಆಚೆ ಕಡೆ ಹಾಕ್ದ. ಆ ತಿಂಗಳು ಅವ್ಳು ಉಂಡಿದ್ದೇ ಇಲ್ಲ ಅನ್ನಂಗೆ ಆಗೋದ್ಲು.’

ಉಪೇಂದ್ರ ಮೆಟಡೋರಿನ ನೆರಳಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಹೋದ ವರ್ಷವೂ ಬಂದಿದ್ದ. ದಿಬ್ಬದ ಬಳಿ ರಬ್ಬರ್ ಪೈಪು ಹಿಡಿದು ನಿಂತಿದ್ದ ಪಿಳ್ಳಮ್ಮ ಅವನನ್ನು ಕಂಡು, ಪೈಪನ್ನು ಗಿಡದ ಬುಡಕ್ಕೆ ಹಾಕಿ, ಕೈ ಒರೆಸಿಕೊಳ್ಳುತ್ತ ಬಂದಿದ್ದಳು. ‘ಚೆನ್ನಾಗಿದ್ದೀರಾ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಅವನು ವಿದ್ಯಾರ್ಥಿಗಳನ್ನು ಇನ್ನೊಂದು ದಾರಿಯಲ್ಲಿ ಇಳಿಸಿಕೊಂಡು ಹೋಗಿದ್ದ. ಯಾರು ಸಾರ್ ಅದು ಎಂದು ಒಬ್ಬ ಕೇಳಿದ್ದಕ್ಕೆ, ಇಲ್ಲಿನ ಮಾಲಿ ಎಂದಿದ್ದ.

ಸೀತಾ ಅವನ ಹತ್ತಿರ ಬಂದಳು. ಅವಳ ನಕ್ಷೆಯಲ್ಲಿ ಒಂದೊಂದು ಬಾವಿಯ ಪಕ್ಕವೂ ಅದನ್ನು ತೋಡಿಸಿದವರ ಹೆಸರಿತ್ತು. ಹೆಸರು ಜಾಸ್ತಿಯಾಯಿತು, ಅಂದ ಕೆಡುತ್ತದೆ ಎಂದು ಹೋದ ವಾರ ಅವನು ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿ ಕೊಟ್ಟಿದ್ದ.

‘ಸಾರ್, ಅದು ಸಮಾಧೀನೇ ಅಲ್ವಾ?’

‘ಆಫೀಸಲ್ಲಿ ಕೇಳ್ಕೊಂಡು ಬರ್ತೀನಿ,’ ಎಂದು ಒಳಗೆ ನಡೆದ.

*

ಆಫೀಸಿನ ಮುಂಗೋಣೆಯಲ್ಲಿ, ಬಂದವರು ಕೂರುವ ಸೋಫಾದ ಮೇಲೆ, ಗಾಜಿನ ಚೌಕಟ್ಟಿನಲ್ಲಿ ಅವನ ನಕ್ಷೆ ತೂಗುತ್ತಿತ್ತು. ಕೆಳಗೆ ಹಿತ್ತಾಳೆಯ ಫಲಕದಲ್ಲಿ ಅವನ ಹೆಸರು, ಪದಕದ ಹೆಸರು, ಇಸವಿ. ಹುಲ್ಲಿನ ಹಸಿರು ಒಂಚೂರು ಮಾಸಿತ್ತು. ಕಪ್ಪು ಶಾಯಿ ಮಾಸಿರಲಿಲ್ಲ.

ಪದಕ ಕೊಟ್ಟ ದಿನ ಸಿಟಿಯ ಸಭಾಂಗಣದಲ್ಲಿ ಇದೇ ನಕ್ಷೆಯನ್ನು ವೇದಿಕೆಯ ಮೇಲೆ ನಿಲ್ಲಿಸಿದ್ದರು. ಬರ್ತೀರಾ ಅಮ್ಮ ಎಂದು ಬಾಯಿಮಾತಿಗೆ ಕರೆದಿದ್ದ. ಪಿಳ್ಳಮ್ಮ ಮಗಳನ್ನು ಕರೆದುಕೊಂಡು, ಎರಡು ಬಸ್ಸು ಹತ್ತಿ ಇಳಿದು, ನಿಜವಾಗಿಯೂ ಬಂದುಬಿಟ್ಟಿದ್ದಳು. ಕೊನೆಯ ಸಾಲಿನಲ್ಲಿ, ಕುರ್ಚಿಯ ತುದಿಯಲ್ಲಿ ಕೂತಿದ್ದಳು.

‘ಉಳಿದವರೆಲ್ಲ ತಮ್ಮ ನಕ್ಷೆಯಲ್ಲಿ ದಿಬ್ಬವನ್ನು ಸಮತಟ್ಟು ಮಾಡಿದರು,’ ಎಂದಿದ್ದರು ತೀರ್ಪುಗಾರರ ಅಧ್ಯಕ್ಷರು. ‘ಈ ಹುಡುಗನೊಬ್ಬನೇ ಅದರ ಬೆಲೆ ಕಂಡದ್ದು. ಅದೊಂದೇ ಸಾಕು, ಇದು ಅಸಾಧಾರಣ ಕೆಲಸ ಅನ್ನುವುದಕ್ಕೆ. ಹೇಗೆ ಹೊಳೆಯಿತಪ್ಪಾ?’

ಹದಿನೆಂಟು ವರ್ಷ ಬುಟ್ಟಿ ಹೊತ್ತವಳು ಮೂವತ್ತು ಅಡಿ ದೂರದಲ್ಲಿ ಕೂತಿದ್ದಳು.

‘ಜಾಗವೇ ಹೇಳಿತು ಸರ್,’ ಎಂದ ಉಪೇಂದ್ರ.

ಚಪ್ಪಾಳೆ ಬಿತ್ತು. ಎಲ್ಲರೂ ನಿಲ್ಲಿಸಿದ ಮೇಲೂ ಹಿಂದಿನ ಸಾಲಿನಿಂದ ಒಬ್ಬಳ ಚಪ್ಪಾಳೆ ಕೇಳುತ್ತಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಅವಳು ನಕ್ಷೆಯ ಮುಂದೆ ಬಂದು ನಿಂತಳು. ‘ನಮ್ಮೆಜಮಾನ್ರು ಎಲ್ಲವ್ರಪ್ಪ ಇದ್ರಾಗೆ?’ ಅವನು ದಿಬ್ಬದ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಕಣ್ಣು ಕಿರಿದು ಮಾಡಿ ಅಕ್ಷರಗಳನ್ನು ನೋಡಿದಳು. ‘ಬರ್ದಿದ್ದೀಯ?’ ‘ಬರ್ದಿದ್ದೀನಿ.’ ‘ಯಾರೂ ಮುಟ್ಟಾಕಿಲ್ವಾ?’ ‘ಮುಟ್ಟಲ್ಲ ಅಮ್ಮ. ಇದ್ದ ಹಾಗೇ ಇರುತ್ತೆ.’

ಪಕ್ಕದಲ್ಲಿ ಕಾಫಿ ಲೋಟ ಹಿಡಿದಿದ್ದ ಪ್ರೊಫೆಸರರು, ಇವರು ಯಾರು ಎಂದು ಕೇಳಿದ್ದರು.

‘ಸೈಟಲ್ಲಿ ಟೇಪ್ ಹಿಡ್ಕೊಳ್ಳೋಕೆ ಬರ್ತಿದ್ರು.’

‘ಊಂ ಸಾಮಿ, ನಾನೇ ಇಡ್ಕಂತಿದ್ದಿದ್ದು,’ ಎಂದಿದ್ದಳು ಪಿಳ್ಳಮ್ಮ ಹೆಮ್ಮೆಯಿಂದ.

*

‘ಲೈನ್ ಸಿಕ್ತು ಸಾರ್,’ ಎಂದು ದ್ವಾರಕಾನಾಥ್ ಒಳಗಿನಿಂದ ಬಂದರು. ‘ಡ್ರಾಯಿಂಗಲ್ಲಿ ಸಮಾಧಿ ಇದ್ರೆ ಬಿಡಿ, ಇಲ್ಲದಿದ್ರೆ ಬೇಡ ಅಂದ್ರು. ಡ್ರಾಯಿಂಗ್ ಇಲ್ಲೇ ಇದೆ, ದಿಬ್ಬ ಅಂತಿದೆ. ನಾನೇನು ಮಾಡ್ಲಿ ಹೇಳಿ. ಆ ಮಗಳನ್ನ ಕರೆಸಿದ್ದೀನಿ, ನೀವೇ ಒಂದು ಮಾತು ಹೇಳ್ಬಿಡಿ. ನಿಮ್ಮ ಪರಿಚಯದೋರಂತೆ.’

ಭಾಗ್ಯಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದಳು. ಗೋಡೆಯ ಮೇಲಿನ ನಕ್ಷೆಯನ್ನು ನೋಡಿದಳು. ಆಮೇಲೆ ಅವನನ್ನು.

‘ಇದೇ ಅಲ್ವಾ ಆವತ್ತಿಂದು?’

‘ಹೌದು.’

‘ಅವ್ವಂಗೆ ಇದು ಇಲ್ಲೈತೆ ಅಂತ ಗೊತ್ತಿರ್ಲಿಲ್ಲ. ಆಪೀಸೊಳಕ್ಕೆ ತೋಟದೋರನ್ನ ಬಿಡಾಕಿಲ್ಲ.’ ಅವಳ ದನಿಯಲ್ಲಿ ಜಗಳವಿರಲಿಲ್ಲ. ‘ಒಲ ಕೊಡಾಕೆ ಊರೋರು ಯಾರೂ ಒಪ್ಪಿರ್ಲಿಲ್ಲ, ಗೊತ್ತಾ ನಿಮ್ಗೆ? ಮೊದ್ಲು ಎಬ್ಬೆಟ್ಟು ಒತ್ತಿದ್ದು ನಮ್ಮವ್ವ. ದೊಡ್ಡ ದೊಡ್ಡೋರ ಮುಂದೆ ಪಟದಾಗೆ ಬರ್ದವ್ರೆ, ಚಪ್ಪಾಳೆ ತಟ್ಟವ್ರೆ, ನಮ್ಮೆಜಮಾನ್ರ ತಾವಕ್ಕೆ ಯಾರೂ ಬರಾಕಿಲ್ಲ ಅಂತ ಬೀದಿ ಬೀದಿ ಯೋಳ್ಕಂಡು ಬಂದ್ಲು. ಅವ್ಳೇ ಒತ್ತಿದ್ಮ್ಯಾಕೆ ಉಳಿದೋರೂ ಒತ್ತಿದ್ರು.’

ಉಪೇಂದ್ರ ಸೋಫಾದ ಬೆನ್ನನ್ನು ಹಿಡಿದುಕೊಂಡ.

‘ತಲೆಗಲ್ಲು ಕಿತ್ತು ಬೆಂಚಾಕಿದ ದಿನ ನಾನು ಬೈದೆ. ನಿನ್ನ ಪಟದ ಉಡುಗ ಎಂಥಾ ಕೆಲ್ಸ ಮಾಡ್ದ ನೋಡು ಅಂದೆ. ಅವ್ಳು ಏನಂದ್ಲು ಗೊತ್ತಾ?’ ಭಾಗ್ಯಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ‘ಆ ಮಗ ಬರ್ದಿರ್ತಾನೆ ಕಣೇ, ಇವ್ರಿಗೆ ಓದಾಕೆ ಬಂದಿಲ್ಲ, ಅಂದ್ಲು. ಸಾಯೋ ಗಂಟ ಅದೇ ಮಾತು.’

ಹೊರಗೆ ಯಾರೋ ಕೆಮ್ಮಿದರು. ಉಪೇಂದ್ರ ಗೋಡೆಯ ಕಡೆ ಬೆನ್ನು ಹಾಕಿ ನಿಂತ.

‘ದ್ವಾರಕಾನಾಥ್, ಅದು ಸಮಾಧಿ. ಬರೆಯುವಾಗ ನಂಗೆ ಗೊತ್ತಿತ್ತು.’

ಮ್ಯಾನೇಜರು ಬಾಗಿಲು ಮುಂದೆ ಮಾಡಿ, ಒಂದು ಹಾಳೆ, ಪೆನ್ನು ತಂದು ಟೀಪಾಯಿಯ ಮೇಲಿಟ್ಟರು. ‘ಬರೆದು ಕೊಟ್ಬಿಡಿ ಸಾರ್. ಬರಹದಲ್ಲಿದ್ರೆ ನಾನು ಬಿಡ್ತೀನಿ. ಕಣ್ತಪ್ಪಿನಿಂದ ಬಿಟ್ಟುಹೋಗಿದೆ ಅಂತ ಹಾಕಿ. ನಿಮಗೂ ಸೇಫು, ನಮಗೂ ಸೇಫು. ಇದು ಹೆಡ್ ಆಫೀಸಿಗೆ ಹೋಗುತ್ತೆ, ಅಲ್ಲಿಂದ ನಿಮ್ಮ ಪದಕದೋರಿಗೂ ಹೋಗುತ್ತೆ.’

ಉಪೇಂದ್ರ ಬಗ್ಗಿ ಬರೆದ. ಇಂಗ್ಲಿಷಿನಲ್ಲಿ ಮೂರು ಸಾಲು. ಕಣ್ತಪ್ಪಿನಿಂದ ಎಂಬ ಮಾತು ತಾನಾಗಿಯೇ ಬಂದು ಸರಿಯಾದ ಜಾಗದಲ್ಲಿ ಕೂತುಕೊಂಡಿತು. ಸಹಿ ಹಾಕಿದ.

‘ಇವರದೂ ಒಂದು ಸಹಿ ಬೇಕು,’ ಎಂದರು ದ್ವಾರಕಾನಾಥ್.

ಭಾಗ್ಯಮ್ಮ ಪೆನ್ನು ತೆಗೆದುಕೊಂಡಳು. ಬರೆಯಲಿಲ್ಲ. ‘ಏನ್ ಬರ್ದವ್ರೆ ಇದ್ರಾಗೆ? ಅವ್ವನಂಗೆ ಓದಿಸ್ಕೊಳ್ದೆ ನಾನು ಒತ್ತಾಕಿಲ್ಲ.’

ಉಪೇಂದ್ರ ಹಾಳೆ ತೆಗೆದುಕೊಂಡು ಕನ್ನಡದಲ್ಲಿ ಹೇಳತೊಡಗಿದ. ‘ಈ ಜಾಗದಲ್ಲಿ ಪಾಪಯ್ಯನವರ ಸಮಾಧಿ ಇದೆ. ಒಂಬತ್ತು ವರ್ಷದ ಹಿಂದೆ ನಾನು ನಕ್ಷೆ ಮಾಡುವಾಗ, ಕಣ್...’

ಭಾಗ್ಯಮ್ಮ ಕಾಯುತ್ತಿದ್ದಳು. ಅವಳ ಅಂಗೈಗೆ ಅರಿಸಿನ ಮೆತ್ತಿಕೊಂಡಿತ್ತು.

ಅವನು ಹಾಳೆಯನ್ನು ಹರಿದು ಜೇಬಿಗೆ ತುರುಕಿಕೊಂಡ. ಇನ್ನೊಂದು ಹಾಳೆ ಕೇಳಿ ಪಡೆದು, ಈ ಸಲ ಕನ್ನಡದಲ್ಲೇ ಬರೆದ. ಇದು ಪಾಪಯ್ಯನವರ ಸಮಾಧಿಯೆಂದು ಅವರ ಹೆಂಡತಿ ಪಿಳ್ಳಮ್ಮನವರು ನನಗೆ ತೋರಿಸಿದ್ದರು. ಪದಕ ತಪ್ಪಿಹೋಗುತ್ತದೆಂದು ನಾನು ಅದನ್ನು ಅಳಿಸಿ ದಿಬ್ಬವೆಂದು ಬರೆದೆ. ದಿಬ್ಬ ಸಹಜವಾದುದಲ್ಲ. ಅದನ್ನು ಮಾಡಿದವರು ಅವರು. ಬರೆದದ್ದನ್ನು ಗಟ್ಟಿಯಾಗಿ ಓದಿದ.

ಭಾಗ್ಯಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ದ್ವಾರಕಾನಾಥರಿಗೆ ಮಾತ್ರ ಕೈ ಮುಗಿದು ಹೊರಗೆ ಹೋದಳು.

*

ಎರಡು ಗಂಟೆಯ ಸೈರನ್ನಿನೊಳಗೆ ಮುಗಿಸಬೇಕೆಂದು ಹೇಳಿ ಗೇಟು ತೆರೆಸಿದರು. ಆಮೇಲೆ ಶಿಫ್ಟು ಬದಲಾಗುತ್ತದೆ, ಎಲ್ಲರೂ ಇದೇ ದಾರಿಯಲ್ಲಿ ಬರುತ್ತಾರೆ. ಚಟ್ಟ ಉಪೇಂದ್ರ ಬರೆದಿದ್ದ ಕಾಲುದಾರಿಯ ಮೇಲೆಯೇ ಸಾಗಿತು. ಆ ದಾರಿ ಅಂಕುಡೊಂಕಾಗಿ, ನಿಧಾನವಾಗಿ, ಸುತ್ತಿ ಹೋಗಬೇಕೆಂದು ಅವನು ಇಷ್ಟಪಟ್ಟು ಬರೆದಿದ್ದ. ಹೊತ್ತವರು ಎರಡು ತಿರುವು ನೋಡಿ, ಮೂರನೆಯದಕ್ಕೆ ಹುಲ್ಲು ತುಳಿದು ನೇರವಾಗಿ ನಡೆದರು.

ದಿಬ್ಬದ ಪಕ್ಕದಲ್ಲಿ ಕೃಷ್ಣಪ್ಪ ಎಂಬವನು ಜಾಗ ನೋಡಿ ಹಾರೆ ಹಾಕಿದ. ಪಿಳ್ಳಮ್ಮನ ತಮ್ಮನ ಮಗ. ಹುಲ್ಲು ಚಾಪೆಯ ಹಾಗೆ ಎದ್ದು ಬಂತು. ಅದರ ಒಂದು ಗೇಣು ಕೆಳಗೆ ಹಳೆಯ ಕೆಂಪು ಮಣ್ಣು.

‘ರಾಗಿ ಮಣ್ಣು ಅಂಗೇ ಐತೆ ನೋಡ್ರಪ್ಪ,’ ಎಂದ ರಾಮಾಂಜಿನಪ್ಪ ಒಂದು ಹೆಂಟೆ ಪುಡಿಮಾಡುತ್ತ. ಉಪೇಂದ್ರ ಬಂದು ಪಕ್ಕದಲ್ಲಿ ನಿಂತದ್ದನ್ನು ನೋಡಿದ. ‘ಬರ್ದು ಕೊಟ್ರಂತೆ?’

‘ಹೌದು ಯಜಮಾನ್ರೆ.’

‘ಊಂ.’ ಮುದುಕ ಕೈ ಕೊಡವಿಕೊಂಡ. ‘ಅವ್ಳು ಸತ್ಮ್ಯಾಕೆ ಬರ್ದ್ರಿ.’ ಅಷ್ಟು ಹೇಳಿ ಆಚೆ ಸರಿದ.

ಸೀತಾ ದೂರದಲ್ಲಿ ನಿಂತಿದ್ದಳು. ಹುಡುಗರಿಬ್ಬರೂ ಕ್ಯಾಮೆರಾಗಳನ್ನು ಚೀಲದೊಳಗೆ ಹಾಕಿದ್ದರು. ಉಪೇಂದ್ರ ಅವಳ ಹತ್ತಿರ ಹೋದ. ‘ನೀವು ವ್ಯಾನಲ್ಲಿ ಹೊರಡಿ. ನಾಲ್ಕಕ್ಕೆ ತೀರ್ಪಿಗೆ ನಾನು ಕೂರಲ್ಲ ಅಂತ ಹೇಳ್ಬಿಡಿ. ಯಾಕೆ ಅಂತ ಕೇಳಿದ್ರೆ ಇಲ್ಲಿ ಕೇಳಿದ್ದೆಲ್ಲ ಹೇಳಿ.’

‘ನಾನ್ ಹೇಳಲ್ಲ ಸಾರ್,’ ಎಂದಳು ಸೀತಾ. ಅವಳ ಕಣ್ಣುಗಳು ಕೆಂಪಾಗಿದ್ದವು. ‘ನೀವೇ ಹೇಳ್ಬೇಕು.’

ಅವನು ತಲೆಯಾಡಿಸಿದ. ಹೌದು, ಅದನ್ನೂ ಇನ್ನೊಬ್ಬರ ಕೈಗೆ ಕೊಡಲು ಹೊರಟಿದ್ದ.

ಗುಂಡಿ ಸೊಂಟದ ಆಳ ಮೀರಿತ್ತು. ಬದಿ ಸವರಲು ಕೃಷ್ಣಪ್ಪ ಬೀಸಿದ ಹಾರೆ ಯಾವುದಕ್ಕೋ ತಗುಲಿ ಟಪ್ಪೆಂದಿತು. ಮಣ್ಣಿನ ಗೋಡೆಯಿಂದ ನೀರು ಪಿಚಕಾರಿಯ ಹಾಗೆ ಚಿಮ್ಮಿ ಗುಂಡಿಯೊಳಗೆ ಬೀಳತೊಡಗಿತು. ತೋಟಕ್ಕೆ ನೀರು ಹಾಯಿಸುವ ಕರಿಯ ಪೈಪು. ದಿಬ್ಬದ ಸುತ್ತ ಬಳೆಯಂತೆ ಎಳೆದಿದ್ದರು.

‘ಗೇಟ್‌ವಾಲ್ವ್ ತಿರುಗಿಸಿ ನೀರು ನಿಲ್ಲಿಸ್ರೋ!’

‘ಕೀಲಿ ಮೇಸ್ತ್ರಿ ತಾವ ಐತೆ, ಊಟಕ್ಕೋಗವ್ನೆ,’ ಎಂದು ಅಂಜಿನಮ್ಮ ಕೂಗಿದಳು. ‘ಬರಾಕೆ ಅರ್ಧ ಗಂಟೆ!’

ಸೈರನ್ನಿಗೆ ಅರ್ಧ ಗಂಟೆ ಇರಲಿಲ್ಲ. ಯಾರೋ ಟವೆಲು ಸುತ್ತಿದರು, ನೀರು ಅದನ್ನು ತಳ್ಳಿತು. ಕೃಷ್ಣಪ್ಪ ಹಸಿ ಮಣ್ಣು ಮೆತ್ತಿದ, ಕೊಚ್ಚಿಹೋಯಿತು. ಗುಂಡಿಯ ತಳ ಕೆಸರಾಗುತ್ತಿತ್ತು. ‘ನೀರೊಳಕ್ಕೆ ಮಲಗ್ಸದಾ ನಮ್ಮಕ್ಕನ್ನ?’ ಎಂದು ಹೆಂಗಸರಲ್ಲಿ ಯಾರೋ ಅಳುವ ದನಿಯಲ್ಲಿ ಕೇಳಿದರು.

ಉಪೇಂದ್ರ ಗುಂಡಿಯ ಅಂಚಿನಲ್ಲಿ ಹುಲ್ಲಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ. ಬಲಗೈಯನ್ನು ಒಳಕ್ಕೆ ಇಳಿಬಿಟ್ಟು, ಬೆರಳಿನಿಂದ ತಡಕಿ ಪೈಪಿನ ತೂತನ್ನು ಹುಡುಕಿ, ಅಂಗೈಯನ್ನು ಅದಕ್ಕೆ ಒತ್ತಿ ಹಿಡಿದ. ನೀರು ಅಂಗೈಯನ್ನು ಒದೆಯಿತು. ಇನ್ನಷ್ಟು ಒತ್ತಿದ. ಚಿಮ್ಮುವುದು ನಿಂತು ಬೆರಳ ಸಂದಿನಿಂದ ಹನಿಯತೊಡಗಿತು.

ಕೃಷ್ಣಪ್ಪ ತಳದ ಕೆಸರನ್ನು ಬಾಂಡಲಿಯಲ್ಲಿ ಮೊಗೆದು, ಒಣ ಮಣ್ಣು ಹಾಸಿದ. ಪಿಳ್ಳಮ್ಮನನ್ನು ಇಳಿಸಿದರು. ಉಪೇಂದ್ರನ ಮುಖ ಅಂಚಿನಲ್ಲೇ ಇತ್ತು. ಅವಳ ಮುಖ ಅವನ ಮುಖದ ಒಂದು ಮೊಳ ಕೆಳಗೆ ಹಾದುಹೋಗಿ ನೆಲ ಮುಟ್ಟಿತು. ಭುಜ ನೋಯುತ್ತಿತ್ತು. ಕಣ್ಣಿಗೆ ಬೆವರು ಇಳಿದರೂ ಒರೆಸಿಕೊಳ್ಳುವಂತಿರಲಿಲ್ಲ.

ಜನ ಸಾಲಾಗಿ ಬಂದು ಮೂರು ಮೂರು ಹಿಡಿ ಮಣ್ಣು ಹಾಕತೊಡಗಿದರು. ರಾಮಾಂಜಿನಪ್ಪ ಹಾಕಿದ. ಅಂಜಿನಮ್ಮ ಹಾಕಿದಳು. ಸೀತಾ ಯಾರನ್ನೂ ಕೇಳದೆ ಸಾಲಿನ ಕೊನೆಯಲ್ಲಿ ಬಂದು ಹಾಕಿದಳು. ಉಪೇಂದ್ರನ ಎಡಗೈ ಹುಲ್ಲಿನ ಮೇಲೆ ಮಣ್ಣಿಗಾಗಿ ತಡಕಾಡಿತು. ಮೈ ಒಂದಿಷ್ಟು ಹೊರಳಿದ್ದೇ, ಅಂಗೈ ಜಾರಿ ನೀರು ಚಿರ್ ಎಂದಿತು.

‘ನೀವು ಕೈ ತೆಗೀಬ್ಯಾಡಿ,’ ಎಂದಳು ಭಾಗ್ಯಮ್ಮ. ‘ಅಲ್ಲೇ ಇಡ್ಕಳಿ.’

ಅವನು ಕೈಯನ್ನು ಮತ್ತೆ ಒತ್ತಿದ. ಗಂಡಸರು ಗುದ್ದಲಿಯಿಂದ ಮಣ್ಣು ಎಳೆಯಲಾರಂಭಿಸಿದರು. ಅದು ಮೊದಲು ಅವನ ಬೆರಳುಗಳ ಮೇಲೆ, ಆಮೇಲೆ ಮಣಿಕಟ್ಟಿನ ಮೇಲೆ, ಆಮೇಲೆ ಮಡಿಸಿದ ಬಿಳಿ ಅಂಗಿ ತೋಳಿನ ಮೇಲೆ ಬಿದ್ದು ನಿಧಾನವಾಗಿ ಏರುತ್ತ ಬಂತು.